ಓದುಗರ ಪ್ರಶ್ನೆ: ಖಾಲಿ ಕಾಲಂಗಳನ್ನು ಸ್ಕ್ರಿಪ್ಟ್‌ನಿಂದ ತುಂಬುವುದು

ಪ್ರಶ್ನೆ: ಮಾನ್ಯರೇ, ನಮ್ಮ ಭಾಗದ ನೇಕಾರರ ಸಹಕಾರಿ ಸಂಘವೊಂದರ ಹಳೆಯ ಸದಸ್ಯತ್ವ ಪುಸ್ತಕಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಒಂದು ಟೆಕ್ಸ್ಟ್ ಫೈಲ್ ಮಾಡಿದ್ದೇವೆ. ಪ್ರತಿ ಸಾಲಿನಲ್ಲಿ ಪುಟ ಸಂಖ್ಯೆ, ಹೆಸರು, ಊರು, ತಾಲ್ಲೂಕು, ಜಿಲ್ಲೆ, ಸೇರಿದ ವರ್ಷ, ನೇಯುವ ಬಟ್ಟೆ ಎಂಬ ಏಳು ಕಾಲಂಗಳಿದ್ದು, ನಡುವೆ ಟ್ಯಾಬ್ ಇದೆ. ಗುಮಾಸ್ತರು ಊರಿನ ಹೆಸರನ್ನು ಮೊದಲ ಸಾಲಿನಲ್ಲಿ ಮಾತ್ರ ಬರೆದು, ಕೆಳಗೆ ಕೆಲವೆಡೆ ‘ಸದರಿ’ ಎಂದು ಹಾಕಿದ್ದಾರೆ, ಕೆಲವೆಡೆ ಖಾಲಿ ಬಿಟ್ಟಿದ್ದಾರೆ. ತಾಲ್ಲೂಕು ಮತ್ತು ಜಿಲ್ಲೆ ಬಹುತೇಕ ಖಾಲಿ ಇವೆ. ಲಿನಕ್ಸ್‌ನ ಕಮಾಂಡ್ ಲೈನ್‌ನಲ್ಲಿ ಇವನ್ನು ಒಟ್ಟಿಗೆ ತುಂಬಬಹುದೇ? ಆಕ್ (awk) ಎಂಬ ಆದೇಶ ಬಳಸಿ ನೋಡಿದಾಗ ತಾಲ್ಲೂಕಿನ ಹೆಸರು ಊರಿನ ಕಾಲಂಗೆ ಬಂದಿತು.
— ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ತುಂಬಬಹುದು, ಮತ್ತು ಅದಕ್ಕೆ ನೀವು ಆರಿಸಿಕೊಂಡ ಆಕ್ ತಕ್ಕ ಸಾಧನವೇ ಆಗಿದೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್ ಮತ್ತು ಕರ್ನಿಘನ್ ಅದನ್ನು ರೂಪಿಸಿದ್ದೇ ಸಾಲು ಸಾಲಾಗಿ, ಕಾಲಂಗಳಾಗಿ ಇರುವ ಇಂಥ ಬರಹಕ್ಕಾಗಿ. ಕಾಲಂ ಸರಿದು ಹೋದುದಕ್ಕೆ ಕಾರಣ ಸರಳವಾಗಿದೆ. ಬೇರೆ ಸೂಚನೆ ಕೊಡದಿದ್ದರೆ ಆಕ್ ಎಷ್ಟೇ ಟ್ಯಾಬ್ ಅಥವಾ ಸ್ಪೇಸ್ ಒಟ್ಟಿಗೆ ಬಂದರೂ ಅವನ್ನು ಕಾಲಂಗಳ ನಡುವಿನ ಒಂದೇ ಗಡಿಯೆಂದು ಎಣಿಸುತ್ತದೆ. ಆದ್ದರಿಂದ ಖಾಲಿ ಇರುವ ಊರಿನ ಕಾಲಂ ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಓದುವಾಗಲೂ ಬರೆಯುವಾಗಲೂ ಕಾಲಂಗಳನ್ನು ಬೇರ್ಪಡಿಸುವುದು ಒಂದೊಂದೇ ಟ್ಯಾಬ್ ಎಂದು ಎರಡೂ ಕಡೆ ತಿಳಿಸಿರಿ. ಅನಂತರ ಏಳು ಕಾಲಂ ಇಲ್ಲದ ಸಾಲುಗಳನ್ನೆಲ್ಲ ಮೊದಲು ಮುದ್ರಿಸಿಕೊಂಡು, ಅವನ್ನು ಕೈಯಿಂದ ಸರಿಪಡಿಸಿದ ಮೇಲಷ್ಟೇ ಮುಂದಿನ ಕೆಲಸಕ್ಕೆ ಕೈಹಾಕಿರಿ.

ಊರಿನ ಕಾಲಂ ತುಂಬುವ ಕ್ರಮ ಹೀಗಿದೆ. $3, ಅಂದರೆ ಆಕ್‌ನ ಭಾಷೆಯಲ್ಲಿ ಮೂರನೆಯ ಕಾಲಂ, ಖಾಲಿ ಇದ್ದರೆ ಅಥವಾ ಅದರಲ್ಲಿ ‘ಸದರಿ’ ಇದ್ದರೆ, ನೆನಪಿಟ್ಟುಕೊಂಡ ಹಿಂದಿನ ಊರನ್ನು ಅಲ್ಲಿ ಇಡಬೇಕು; ಇಲ್ಲವಾದರೆ $3ರಲ್ಲಿ ಇರುವುದನ್ನೇ ಹೊಸದಾಗಿ ನೆನಪಿಟ್ಟುಕೊಳ್ಳಬೇಕು. ಸ್ಕ್ರಿಪ್ಟ್ ಇಷ್ಟೇ. ಆದರೆ ಇಲ್ಲಿ ನಿಮ್ಮ ವಿವೇಚನೆ ಅಗತ್ಯ, ಏಕೆಂದರೆ ‘ಸದರಿ’ ಎಂದರೆ ಮೇಲಿನದೇ ಎಂಬುದು ಖಚಿತ, ಬರೀ ಖಾಲಿ ಜಾಗವೆಂದರೆ ಮೇಲಿನದೂ ಇರಬಹುದು, ಗುಮಾಸ್ತರಿಗೆ ಊರು ತಿಳಿಯದೆಯೂ ಇದ್ದಿರಬಹುದು. ಹಳೆಯ ಪುಸ್ತಕಗಳಲ್ಲಿ ಪುಟ ತಿರುವಿದಾಗ ಊರಿನ ಹೆಸರನ್ನು ಮತ್ತೆ ಪೂರ್ತಿ ಬರೆಯುವುದು ವಾಡಿಕೆ. ಹೀಗಾಗಿ ಪುಟ ಸಂಖ್ಯೆ ಬದಲಾದ ಕೂಡಲೇ ನೆನಪನ್ನು ಅಳಿಸುವಂತೆ ಸ್ಕ್ರಿಪ್ಟ್ ಬರೆಯಿರಿ; ಪುಟದ ಮೊದಲ ಸಾಲೇ ಖಾಲಿ ಇದ್ದರೆ ಅದು ಖಾಲಿಯಾಗಿಯೇ ಉಳಿಯಲಿ. ಜೊತೆಗೆ ಎಂಟನೆಯ ಕಾಲಂ ಒಂದನ್ನು ಸೇರಿಸಿ, ಯಂತ್ರ ತುಂಬಿದ ಪ್ರತಿ ಸಾಲಿನಲ್ಲೂ ‘ತುಂಬಿದ್ದು’ ಎಂದು ಬರೆಸಿರಿ. ಗುಮಾಸ್ತರು ಬರೆದದ್ದಾವುದು, ನಾವು ಊಹಿಸಿದ್ದಾವುದು ಎಂಬುದು ಮುಂದೆ ಈ ದಾಖಲೆ ಓದುವವರಿಗೆ ತಿಳಿಯಲೇಬೇಕು. ಇದರಲ್ಲಿ ರಾಜಿ ಬೇಡ ಎಂದು ಕೇಳಿಕೊಳ್ಳುತ್ತೇನೆ.

ತಾಲ್ಲೂಕಿಗಾಗಿ ಊರು ಮತ್ತು ತಾಲ್ಲೂಕು ಎಂಬ ಎರಡೇ ಕಾಲಂಗಳ ಇನ್ನೊಂದು ಫೈಲ್ ಮಾಡಿಕೊಳ್ಳಿ. ಆಕ್ ಅದನ್ನು ಮೊದಲು ಓದಿ ನೆನಪಿನಲ್ಲಿಟ್ಟುಕೊಂಡು, ಅನಂತರ ಮುಖ್ಯ ಫೈಲ್‌ನ ಪ್ರತಿ ಊರಿಗೂ ಹೊಂದಿಸುತ್ತದೆ. ಹೊಂದದ ಹೆಸರುಗಳನ್ನು ಪ್ರತ್ಯೇಕ ಫೈಲ್‌ಗೆ ಕಳುಹಿಸಿ. ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರೂ ಅದರಲ್ಲಿ ಬಂದರೆ ಗಾಬರಿಯಾಗಬೇಡಿ. ನಿಮ್ಮ ಊರಿನ ಹೆಸರನ್ನೇ ನೋಡಿ: ‘ಗುಳೇದಗುಡ್ಡ’ದ ‘ಳೇ’ ಅಕ್ಷರದ ದೀರ್ಘ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಹ್ರಸ್ವ ಏತ್ವ ಮತ್ತು ದೀರ್ಘ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಆಕ್‌ಗೆ ಅವು ಎರಡು ಬೇರೆ ಊರುಗಳು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿರುವ ನಾರ್ಮಲೈಸ್ ಸೌಲಭ್ಯದಿಂದ ಎರಡೂ ಫೈಲ್‌ಗಳನ್ನು ಮೊದಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳು ಒಂದೇ ಸಂಕೇತವಾಗುವ ಏಕರೂಪಕ್ಕೆ, ತಂದುಕೊಂಡರೆ ಈ ತೊಡಕು ತಪ್ಪುತ್ತದೆ.

ಜಿಲ್ಲೆಯ ಕಾಲಂ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಬಾಗಲಕೋಟೆ ಜಿಲ್ಲೆ ಬೇರೆಯಾದದ್ದು 1997ರಲ್ಲಿ. 1985ರಲ್ಲಿ ಸಂಘ ಸೇರಿದ ಗುಳೇದಗುಡ್ಡದ ನೇಕಾರರು ಅಂದು ಬಿಜಾಪುರ ಜಿಲ್ಲೆಯವರು. ಎಲ್ಲ ಸಾಲಿಗೂ ‘ಬಾಗಲಕೋಟೆ’ ಎಂದು ತುಂಬಿಬಿಟ್ಟರೆ ಪುಸ್ತಕ ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಆದ್ದರಿಂದ ಅಂದಿನ ಜಿಲ್ಲೆ, ಇಂದಿನ ಜಿಲ್ಲೆ ಎಂದು ಎರಡು ಕಾಲಂ ಮಾಡಿ, $6ರ ವರ್ಷ 1997ಕ್ಕಿಂತ ಕಡಿಮೆ ಇದ್ದರೆ ಅಂದಿನ ಜಿಲ್ಲೆ ಬಿಜಾಪುರ, ಹೆಚ್ಚಿದ್ದರೆ ಬಾಗಲಕೋಟೆ ಎಂದು ಷರತ್ತು ಬರೆಯಿರಿ. 1997ನೆಯ ಇಸವಿಯ ಸಾಲುಗಳಲ್ಲಿ ಮಾತ್ರ ಅಂದಿನ ಜಿಲ್ಲೆಯನ್ನು ಖಾಲಿ ಬಿಟ್ಟು, ಮೂಲ ಪುಸ್ತಕದಲ್ಲಿ ತಿಂಗಳು ಇದೆಯೇ ಎಂದು ನೋಡಿರಿ. ತಾಲ್ಲೂಕಿನ ಕಾಲಂಗೂ ಇದೇ ನಿಯಮ ಅನ್ವಯಿಸುತ್ತದೆ: ಇಂದು ಗುಳೇದಗುಡ್ಡವೇ ತಾಲ್ಲೂಕು ಕೇಂದ್ರವಾದರೂ ಹಿಂದೆ ಅದು ಬಾದಾಮಿ ತಾಲ್ಲೂಕಿನಲ್ಲಿತ್ತು.

ವರ್ಷವನ್ನು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದ್ದರೆ ಇನ್ನೂ ಎಚ್ಚರ ಬೇಕು. ಆಕ್‌ಗೆ ‘೧೯೮೫’ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಅಕ್ಷರಗಳಾಗಿ ಹೋಲಿಸಿದಾಗ ಅದು 1997ರ ನಂತರ ಬರುತ್ತದೆ. ದೋಷದ ಸೂಚನೆಯೇನೂ ಬಾರದೆಯೇ ಹಳೆಯ ಸದಸ್ಯರೆಲ್ಲ ಬಾಗಲಕೋಟೆ ಜಿಲ್ಲೆಗೆ ಸೇರಿಬಿಡುತ್ತಾರೆ. ಬರಹವನ್ನು ಸಾಲು ಸಾಲಾಗಿ ತಿದ್ದುವ ಸೆಡ್ (sed) ಸಾಧನದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದನ್ನು ಬದಲಿಸುವ ‘ವೈ’ ಆದೇಶದಿಂದ ವರ್ಷದ ಅಂಕಿಗಳನ್ನು ಮೊದಲೇ ಪರಿವರ್ತಿಸಿಕೊಳ್ಳಿ.

ಪ್ರಶ್ನೆ: ಇಂಥದೇ ಸ್ಕ್ರಿಪ್ಟ್‌ನ ಫಲಿತಾಂಶವನ್ನು ‘>’ ಚಿಹ್ನೆಯಿಂದ ಅದೇ ಫೈಲ್‌ಗೆ ಕಳುಹಿಸಿದೆ. ಫೈಲ್ ಪೂರ್ತಿ ಖಾಲಿಯಾಯಿತು. ಏಕೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ‘>’ ಕಂಡೊಡನೆ ಶೆಲ್ (ನೀವು ಟೈಪ್ ಮಾಡಿದ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂ) ಆ ಫೈಲ್ ಅನ್ನು ಬರೆಯಲೆಂದು ತೆರೆದು ಬರಿದು ಮಾಡುತ್ತದೆ, ಆಕ್ ಆರಂಭವಾಗುವುದು ಅದರ ನಂತರ, ಆಗ ಓದಲು ಏನೂ ಉಳಿದಿರುವುದಿಲ್ಲ. ಬೇರೊಂದು ಪ್ರತಿ ಇಲ್ಲದಿದ್ದರೆ ಮರಳಿ ಟೈಪ್ ಮಾಡುವುದೇ ದಾರಿಯಾಗಬಹುದು. ಇನ್ನು ಮುಂದೆ ಫಲಿತಾಂಶವನ್ನು ಹೊಸ ಹೆಸರಿನ ಫೈಲ್‌ಗೆ ಬರೆಸಿ, ಡಿಫ್ ಆದೇಶದಿಂದ ಹಳೆಯದರ ಜೊತೆ ಹೋಲಿಸಿ, ನೀವು ಉದ್ದೇಶಿಸಿದ ಕಾಲಂಗಳ ಹೊರತು ಬೇರೇನೂ ಬದಲಾಗಿಲ್ಲ ಎಂದು ಖಾತ್ರಿಯಾದ ಮೇಲೆ ಹೊಸದನ್ನು ಬಳಕೆಗೆ ತನ್ನಿ. ಹಳೆಯ ಫೈಲ್ ಅನ್ನು ಆಗಲೂ ಅಳಿಸದೆ ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.