ಹೊಸನಗರ ಇದೆ, ಹಳೇ ನಗರ ಎಲ್ಲಿ?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು. ಮದುವೆಯಾಗಿ ಹೊಸನಗರಕ್ಕೆ ಬಂದು ಎರಡು ವರ್ಷ ಆಯಿತು. ಇದು ಹೊಸನಗರ ಅಂದಮೇಲೆ ಹಳೆಯದೊಂದು ನಗರ ಇರಬೇಕಲ್ವಾ? ಮನೆಯಲ್ಲಿ ಕೇಳಿದರೆ ಮಾವ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿತು ಅನ್ನುತ್ತಾರೆ, ಅತ್ತೆ ಹೈದರಾಲಿ ಹಾಳು ಮಾಡಿದ ಅನ್ನುತ್ತಾರೆ. ಯಾರ ಮಾತು ಸರಿ?
– ಒಬ್ಬ ಓದುಗರು, ಹೊಸನಗರ

ಉತ್ತರ: ಮುಳುಗಿಲ್ಲ ತಾಯಿ. ಕೊಲ್ಲೂರಿಗೆ ಹೋಗುವಾಗ ದಾರಿಯಲ್ಲಿ ನಗರ ಅಂತ ಒಂದು ಹಳ್ಳಿ ಸಿಗುತ್ತದೆ, ಗುಡ್ಡದ ಮೇಲೆ ಕೋಟೆ ಇದೆ, ಅದೇ. ಹಳೇ ಹೆಸರು ಬಿದನೂರು, ಅಂದರೆ ಬಿದಿರಿನ ಊರು. ಕೆಳದಿ ಅರಸರು ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿ ಇದ್ದು, 1640ರ ಹೊತ್ತಿಗೆ ಇಲ್ಲಿಗೆ ಬಂದರು. ಶಿವಪ್ಪನಾಯಕನ ಕಾಲದಲ್ಲಿ ಊರು ಬೆಳೆದ ಪರಿ ಹೇಗಿತ್ತೆಂದರೆ, ಲಕ್ಷ ಮನೆಯಾದರೆ ನಗರ ಅನ್ನಿಸಿಕೊಳ್ಳಬಹುದು, ಇನ್ನೇನು ಆಗೇಬಿಡುತ್ತದೆ ಅಂತ ಜನ ಲೆಕ್ಕ ಹಾಕುತ್ತಿದ್ದರಂತೆ. ಲಕ್ಷ ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆಯೇ ಬಿಡಿ. ಆದರೆ ಹಣ ಇತ್ತು, ಅದು ಸುಳ್ಳಲ್ಲ: ಮಲೆನಾಡಿನ ಮೆಣಸು, ಅಡಿಕೆ ಹೊಸಂಗಡಿ ಘಾಟಿ ಇಳಿದು ಕರಾವಳಿಗೆ ಹೋಗುತ್ತಿದ್ದುದು ಈ ಊರಿನ ಮೇಲೇ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅರ್ಧ ಸರಿ. 1763ರಲ್ಲಿ ಹೈದರ್ ಬಂದ, ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಹಾಕಿಸಿ ಓಡಿದಳು, ಸಿಕ್ಕಿಬಿದ್ದು ಮಧುಗಿರಿ ಕೋಟೆ ಸೇರಿದಳು. ಲೂಟಿ ಜೋರಾಗಿಯೇ ಆಯಿತು. ಆದರೆ ಆತ ಊರು ಬಿಟ್ಟು ಹೋಗಲಿಲ್ಲ! ಹೈದರ್‌ನಗರ ಅಂತ ಹೆಸರಿಟ್ಟ, ಟಂಕಸಾಲೆ ನಡೆಸಿದ, ಇದನ್ನೇ ರಾಜಧಾನಿ ಮಾಡುವ ಆಸೆಯೂ ಅವನಿಗಿತ್ತು. ಈಗಿನ 'ನಗರ' ಅವನಿಟ್ಟ ಹೆಸರಿನ ಬಾಲ. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ವಾಪಸ್ ಕಿತ್ತುಕೊಂಡ. ಹೀಗೆ ಏಟಿನ ಮೇಲೆ ಏಟು.

ಅಷ್ಟಾದರೂ ಹೆಸರಿಗೇನೂ ಆಗಲಿಲ್ಲ. ಇಂಗ್ಲಿಷರ ಆಡಳಿತದಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ಸೇರಿ 'ನಗರ ವಿಭಾಗ' ಅನ್ನಿಸಿಕೊಂಡಿದ್ದವು. ಆಮೇಲೆ ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋಯಿತು. ಕಚೇರಿ ಬಂದಿದ್ದಕ್ಕೆ ಕಲ್ಲೂರುಕಟ್ಟೆಗೆ ಹೊಸನಗರ ಅಂತ ಹೆಸರಾಯಿತು, ನೀವು ಸಂಸಾರ ಹೂಡಿರುವುದು ಅಲ್ಲೇ. ನನ್ನ ಕೇಳಿದರೆ, ಹಳೇ ಊರಿನ ಆಸೆ ಬಿಟ್ಟುಹೋದದ್ದು ಆ ದಿನ. ಬೆಂಕಿ ಬಿದ್ದ ಮನೆ ಮತ್ತೆ ಕಟ್ಟಬಹುದು, ಆದರೆ ಕಚೇರಿ ಎದ್ದು ಹೋದಮೇಲೆ ವಕೀಲ, ಅರ್ಜಿ ಬರೆಯುವವ, ಹೋಟೆಲಿನವ ಯಾಕೆ ಕೂತಿರುತ್ತಾನೆ ಹೇಳಿ?

ಮಾವನವರ ಮಾತೂ ಸುಮ್ನೆ ಹುಟ್ಟಿದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಆದಾಗ ಶರಾವತಿ ಕಣಿವೆಯ ಊರುಗಳು ನಿಜವಾಗಿಯೂ ಮುಳುಗಿದವು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಸಹ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಎದ್ದು ಕಾಣುತ್ತದೆ. ಅವರು ಎರಡು ಕತೆ ಸೇರಿಸಿ ಒಂದು ಮಾಡಿದ್ದಾರೆ, ಅಷ್ಟೇ.

ಇಬ್ಬರನ್ನೂ ಕರೆದುಕೊಂಡು ಒಮ್ಮೆ ನಗರಕ್ಕೆ ಹೋಗಿ ಬನ್ನಿ, ಅಲ್ಲೇ ಹತ್ತಿರದ ದೇವಗಂಗೆಯ ಕೊಳಗಳನ್ನೂ ನೋಡಿ. ಮಳೆಗಾಲ ಮಾತ್ರ ಬೇಡ, ಇಂಬಳ (ಜಿಗಣೆ) ಬಿಡಲ್ಲ.