ಮಿಠಾಯಿ ಮಾಡುವವರ ಮನೆಯಲ್ಲಿ ಶುರುವಾದ ಪಿಟೀಲು

ಪತ್ರ: ಕಳೆದ ಸಂಚಿಕೆಯಲ್ಲಿ ಸ್ವೀಡನ್ನಿನ ಪಿಟೀಲುಗಾರ್ತಿ, ಸಂಗೀತ ರಚನೆಗಾರ್ತಿ ಅಮಾಂಡಾ ಮಾಯರ್ ಬಗ್ಗೆ ಬರೆಯುತ್ತಾ, ಆಕೆಯನ್ನು ಬೆಳೆಸಿದ್ದು ಅಪ್ಪ ಎಂದಿದ್ದೀರಿ. ಒಪ್ಪಲು ಕಷ್ಟ. ದೊಡ್ಡ ಊರು, ದೊಡ್ಡ ಗುರುಗಳು ಸಿಕ್ಕಿದ್ದರಿಂದ ಆಕೆ ಮುಂದೆ ಬಂದಳು. ನನ್ನ ಮಗಳಿಗೆ 9 ವರ್ಷ, ಪಿಟೀಲು ಕಲಿಯುತ್ತಿದ್ದಾಳೆ. ನಮಗೆ ಸಂಗೀತದ ಗಂಧ ಇಲ್ಲ. ಒಳ್ಳೆಯ ಶಾಲೆಗೆ ಸೇರಿಸಿದರೆ ನಮ್ಮ ಕೆಲಸ ಮುಗಿಯಿತಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಮಗಳಿಗೆ ಪಿಟೀಲು ಕಲಿಸುತ್ತಿದ್ದೀರಲ್ಲ, ಅದಕ್ಕೇ ನಿಮ್ಮ ಮೇಲೆ ನನಗೆ ಪ್ರೀತಿ. ಆದರೆ ನಿಮ್ಮ ಕೊನೆಯ ಸಾಲು ಓದಿ ಪತ್ರ ಕೆಳಗಿಡಲು ಆಗಲಿಲ್ಲ. ಕೆಲಸ ಮುಗಿಯುವುದಿಲ್ಲ ಸ್ವಾಮಿ.

ಗುರುಗಳು ಬೇಕು, ಶಾಲೆ ಬೇಕು, ಇಲ್ಲ ಅನ್ನುವುದಿಲ್ಲ. ಅಮಾಂಡಾ 16ನೇ ವಯಸ್ಸಿನಲ್ಲಿ, 1869ರಲ್ಲಿ, ಸ್ಟಾಕ್‌ಹೋಮಿನ ಸಂಗೀತ ಶಾಲೆ ಸೇರಿದಳು. ಅಲ್ಲಿ ಪಿಟೀಲು ಮಾತ್ರವಲ್ಲ, ಆರ್ಗನ್, ಪಿಯಾನೋ, ಚೆಲ್ಲೋ, ಸಂಗೀತ ರಚನೆ ಎಲ್ಲಾ ಕಲಿತಳು. 1872ರಲ್ಲಿ ಮ್ಯೂಸಿಕ್ ಡೈರೆಕ್ಟರ್ ಪರೀಕ್ಷೆ ಪಾಸು ಮಾಡಿದಳು. ನಮ್ಮಲ್ಲಿ ಅದು ಸಿನಿಮಾದವರ ಪದ, ಅಲ್ಲಿ ಅದೊಂದು ಪದವಿ. ಆ ಶಾಲೆಯಿಂದ ಅದನ್ನು ಪಡೆದ ಮೊದಲ ಹೆಣ್ಣು ಆಕೆ.

ಆದರೆ 16 ವರ್ಷಕ್ಕೆ ಮೊದಲು? ಅದನ್ನು ನೀವು ಕೇಳಲೇ ಇಲ್ಲ.

ಆಕೆ ಹುಟ್ಟಿದ್ದು 1853ರಲ್ಲಿ, ಲ್ಯಾಂಡ್ಸ್‌ಕ್ರೋನಾ ಎಂಬ ಸಣ್ಣ ಬಂದರು ಊರಿನಲ್ಲಿ. ಡೆನ್ಮಾರ್ಕ್ ಕಡೆಗೆ ಮುಖ ಮಾಡಿರುವ ಊರು. ಅಪ್ಪ ಜರ್ಮನಿಯ ಕಡೆಯಿಂದ ಬಂದವರು. ಕೇಕು, ಸಿಹಿತಿಂಡಿ ಮಾಡುವುದು ಅವರ ಕಸುಬು. ಜೊತೆಗೆ ಸಂಗೀತವನ್ನೂ ಓದಿಕೊಂಡಿದ್ದರು. ಮಗಳಿಗೆ ಪಿಟೀಲು, ಪಿಯಾನೋ ಎರಡನ್ನೂ ಮೊದಲು ಹೇಳಿಕೊಟ್ಟಿದ್ದು ಅವರೇ. ಹೆಣ್ಣುಮಕ್ಕಳು ಪಿಯಾನೋ ನುಡಿಸಿದರೆ ಚೆಂದ, ಪಿಟೀಲು ಹಿಡಿದರೆ ಚೆಂದವಲ್ಲ ಅನ್ನುತ್ತಿದ್ದ ಕಾಲ ಅದು. ಎಲ್ಫ್ರಿಡಾ ಆಂಡ್ರೆ ಎಂಬಾಕೆ ಹೋರಾಡಿದ ಮೇಲೆ, 1861ರಲ್ಲಷ್ಟೇ ಸ್ವೀಡನ್ನಿನಲ್ಲಿ ಹೆಂಗಸರು ಚರ್ಚಿನ ಆರ್ಗನ್ ನುಡಿಸುವ ಕೆಲಸಕ್ಕೆ ಸೇರಲು ಕಾನೂನು ಬಂತು. ಅಂಥ ದೇಶದಲ್ಲಿ ಒಬ್ಬ ಮಿಠಾಯಿ ಕಸುಬಿನವರು ಮಗಳ ಕೈಗೆ ಕಮಾನು ಕೊಟ್ಟರು. ಸ್ಟಾಕ್‌ಹೋಮಿನ ಬಾಗಿಲಿಗೆ ಬಂದ ಹುಡುಗಿ ಆಗಲೇ ಅರ್ಧ ಕಲಾವಿದೆ. ನನ್ನ ಎಣಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿಯೇ.

ಮುಂದಿನದು ನಿಮಗೆ ಗೊತ್ತಿದೆ. ಜರ್ಮನಿಯ ಲೈಪ್‌ಜಿಗ್‌ಗೆ ಹೋದಳು. ಅಲ್ಲಿನ ಗೆವಾಂಡ್‌ಹೌಸ್ ವಾದ್ಯವೃಂದದ ಮುಖ್ಯ ಪಿಟೀಲುಗಾರ ಎಂಗೆಲ್‌ಬರ್ಟ್ ರೋಂಟ್‌ಗೆನ್ ಬಳಿ ನುಡಿಸಾಣಿಕೆ, ಕಾರ್ಲ್ ರೈನೆಕೆ ಬಳಿ ರಚನೆ. 1875ರಲ್ಲಿ ತಾನೇ ಬರೆದ ಕಂಚೆರ್ಟೋವನ್ನು, ಅಂದರೆ ವಾದ್ಯವೃಂದದ ಜೊತೆ ಒಂಟಿ ಪಿಟೀಲು ನುಡಿಸುವ ರಚನೆಯನ್ನು, ತಾನೇ ನುಡಿಸಿದಳು. ಆಗ ಅವಳಿಗೆ 22.

ಇಲ್ಲಿ ನಮ್ಮ ಮನೆಯ ಮಾತು ಹೇಳಬೇಕು. ನನ್ನ ಚಿಕ್ಕಮ್ಮ ಪಿಟೀಲು ನುಡಿಸುತ್ತಿದ್ದರು. ಸಂಜೆ ಸರಳೆ, ಜಂಟಿ ವರಸೆ ಶುರುವಾದರೆ ತಾತ ಜಗಲಿಯಲ್ಲಿ ಬೀಸಣಿಗೆ ಹಿಡಿದು ಕೂರುತ್ತಿದ್ದರು. ತಾತನಿಗೆ ರಾಗ ತಾಳ ಒಂದೂ ತಿಳಿಯದು. ಆದರೆ ಸ್ವರ ಜಾರಿದರೆ ಬೀಸಣಿಗೆ ನಿಲ್ಲುತ್ತಿತ್ತು. ಚಿಕ್ಕಮ್ಮ ಅದೇ ಜಾಗಕ್ಕೆ ವಾಪಸ್ ಬರುತ್ತಿದ್ದರು. ಮದುವೆಯಾಯಿತು, ಪೆಟ್ಟಿಗೆ ಅಟ್ಟ ಸೇರಿತು. ಎಷ್ಟೋ ವರ್ಷದ ಮೇಲೆ ನಾನೇ ಇಳಿಸಿ ತೆಗೆದೆ. ತಂತಿಗೆ ತುಕ್ಕು, ಕಮಾನಿನ ಕೂದಲು ಉದುರಿ ಹೋಗಿತ್ತು. ಒಂದು ಚೂರು ಬಟ್ಟೆಯಲ್ಲಿ ಸುತ್ತಿದ ರಾಳದ ಗಟ್ಟಿ ಮಾತ್ರ ಹಾಗೇ ಇತ್ತು. ಕಮಾನು ಉಜ್ಜಿ ಉಜ್ಜಿ ಅದರ ನಡುವೆ ಬೆರಳು ಕೂರುವಷ್ಟು ಆಳದ ಗೀರು ಬಿದ್ದಿತ್ತು. ಆ ಗೀರನ್ನು ನೋಡಿ ನನಗೆ ಸಂಕಟವಾಯಿತು. ಎಷ್ಟು ಸಂಜೆಗಳು ಅದರಲ್ಲಿ ಇದ್ದವೋ!

ಅಮಾಂಡಾಳಿಗೂ ಅದೇ ಆಯಿತು, ನೋಡಿ. 1880ರಲ್ಲಿ ಗುರುವಿನ ಮಗ ಯೂಲಿಯಸ್ ರೋಂಟ್‌ಗೆನ್ ಜೊತೆ ಮದುವೆ. ಆಮ್ಸ್ಟರ್‌ಡ್ಯಾಮಿನಲ್ಲಿ ಸಂಸಾರ. ವೇದಿಕೆ ಅಲ್ಲಿಗೆ ನಿಂತಿತು. ಮನೆಗೆ ಗ್ರೀಗ್, ಬ್ರಾಮ್ಸ್ ಅಂಥ ದೊಡ್ಡ ಸಂಗೀತ ರಚನಕಾರರು ಬಂದರು, ಆಕೆ ಬರೆಯುವುದನ್ನೂ ಬಿಡಲಿಲ್ಲ. 1891ರಲ್ಲಿ ಒಂದು ಪಿಯಾನೋ ಕ್ವಾರ್ಟೆಟ್ (ಪಿಯಾನೋ ಜೊತೆ ಮೂರು ತಂತಿವಾದ್ಯ ನುಡಿಸುವ ರಚನೆ) ಬರೆದಳು. 1894ರಲ್ಲಿ, 41ನೇ ವಯಸ್ಸಿಗೇ, ಹೋಗಿಬಿಟ್ಟಳು. ಗಂಡು ಮಕ್ಕಳು ಇಬ್ಬರೂ ಸಂಗೀತಗಾರರಾದರು. ಮನೆಪಾಠಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮಲ್ಲಿ ಇವತ್ತಿಗೂ ಹೆಣ್ಣುಮಕ್ಕಳ ಸಂಗೀತ ಮದುವೆ ಬಯೋಡೇಟಾದ ಒಂದು ಸಾಲು. ‘ಜೂನಿಯರ್ ಆಗಿದೆ, ಸೀನಿಯರ್ ಆಗಿದೆ.’ ಏನು ನುಡಿಸುತ್ತೀಯಮ್ಮ ಅಂತ ಯಾರೂ ಕೇಳುವುದಿಲ್ಲ. ಫೀಸು ಕಟ್ಟಿ, ಸ್ಕೂಟರಿನಲ್ಲಿ ಬಿಟ್ಟು ಬರುವ ಅಪ್ಪಂದಿರು ಎಷ್ಟೋ ಮಂದಿ. ಮಗು ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಟೀವಿ ಸದ್ದು ಕಡಿಮೆ ಮಾಡುವವರು ಎಷ್ಟು ಜನ? ಪಕ್ಕದ ಮನೆಯವರಿಗೆ ತೊಂದರೆ ಅಂತ ಕಿಟಕಿ ಹಾಕಿಸುತ್ತಾರೆ. ಅದೇ ಗಣಪತಿ ಕೂರಿಸಿದಾಗ ಸ್ಪೀಕರ್ ಹಾಕಿದರೆ ಯಾರೂ ತುಟಿ ಬಿಚ್ಚುವುದಿಲ್ಲ.

ಸಂಗೀತ ಗೊತ್ತಿಲ್ಲ ಎಂದಿರಿ. ನಮ್ಮ ತಾತನಿಗೂ ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಮಗಳು ಈ ವಾರ ಏನು ಪಾಠ ಕಲಿತಳು ಅಂತ ನಿಮಗೆ ಗೊತ್ತಾ?

ಇವತ್ತು ರಾತ್ರಿ ಊಟ ಆದ ಮೇಲೆ ಫೋನ್ ತೆಗೆದು, ಅಮಾಂಡಾ 1870ರ ದಶಕದಲ್ಲಿ ಬರೆದ ಪಿಟೀಲು ಮತ್ತು ಪಿಯಾನೋ ಸೊನಾಟಾ, ಅಂದರೆ ಕೆಲವು ಭಾಗಗಳಿರುವ ವಾದ್ಯರಚನೆ, ಹಾಕಿ. ಎರಡನೇ ಭಾಗ. ನಿಧಾನವಾಗಿ ಶುರುವಾಗುತ್ತದೆ, ನಡುವೆ ಚುರುಕಾಗುತ್ತದೆ, ಮತ್ತೆ ಮೊದಲಿನ ನಡೆಗೆ ಬರುತ್ತದೆ. ಮಗಳ ಪಕ್ಕದಲ್ಲೇ ಕೂತು ಕೇಳಿ. ಎಲ್ಲಿ ತಿರುಗಿತು ಅಂತ ಅವಳನ್ನೇ ಕೇಳಿ, ಅವಳು ತೋರಿಸುತ್ತಾಳೆ.