ಖಾಲಿ ಹಾಲ್‌ನಲ್ಲಿ ಸರಿಯಾಗಿದ್ದ ಸೌಂಡ್, ಜನ ತುಂಬಿದ ಮೇಲೆ ಏಕೆ ಬದಲಾಗುತ್ತದೆ?

ಜನರೇ ಸದ್ದನ್ನು ಹೀರಿಕೊಳ್ಳುತ್ತಾರೆ, ಅದಕ್ಕೇ. ಖಾಲಿ ಹಾಲ್‌ನಲ್ಲಿ ದನಿ ಗೋಡೆಗೆ, ನೆಲಕ್ಕೆ, ಪ್ಲಾಸ್ಟಿಕ್ ಕುರ್ಚಿಗಳಿಗೆ ಬಡಿದು ವಾಪಸ್ ಬರುತ್ತಾ ಇರುತ್ತದೆ. ಜನ ಬಂದು ಕೂತರೆ ಅವರ ಬಟ್ಟೆ, ಮೈ ಅದನ್ನು ನುಂಗಿಬಿಡುತ್ತವೆ. ಅದರಲ್ಲೂ ಕೀರಲು ಸದ್ದು ಜಾಸ್ತಿ ಸಾಯುತ್ತದೆ, ದಪ್ಪ ಸದ್ದು ಅಷ್ಟಾಗಿ ಅಲ್ಲ.

ನಮ್ಮ ಬಡಾವಣೆಯಲ್ಲಿ ನಾವು ಕೆಲವರು ಸೇರಿ ಒಂದು ಪುಟ್ಟ ಸಂಗೀತ ಜಾಗ ನಡೆಸುತ್ತೇವೆ. ಸಂಜೆ ನಾಲ್ಕಕ್ಕೆ ಚಪ್ಪಾಳೆ ತಟ್ಟಿದರೆ ಹಾಲ್ ಇಡೀ ಗುಂಯ್ ಅನ್ನುತ್ತದೆ. ಆರೂವರೆಗೆ ಅದೇ ಚಪ್ಪಾಳೆ ಮಂಕು. ಹಾಡುವವರ ಮಾತು ಸ್ಪಷ್ಟವಾಗುತ್ತದೆ, ಆದರೆ ಪಿಟೀಲಿನ ಹೊಳಪು ಹೋಗಿ ಮೃದಂಗದ ಎಡಗೈ ಮಾತ್ರ ಗಮ್ ಗಮ್ ಎನ್ನುತ್ತದೆ.

ಇದನ್ನು ಮೊದಲು ಸರಿಯಾಗಿ ಅಳೆದವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಹಾಲ್‌ನಲ್ಲಿ ಸದ್ದು ಸುಮಾರು 5.5 ಸೆಕೆಂಡು ಉಳಿಯುತ್ತಿತ್ತು. ಪಾಠ ಒಂದೂ ಕೇಳುತ್ತಿರಲಿಲ್ಲ. ಅವರು ಹತ್ತಿರದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಆರುವವರೆಗಿನ ಸಮಯ ಅಳೆದರು. ಮೆತ್ತೆ ಹೆಚ್ಚಿದಷ್ಟೂ ಸದ್ದು ಬೇಗ ಆರಿತು. ಬೆಳಗಾಗುವ ಮುಂಚೆ ಎಲ್ಲವನ್ನೂ ವಾಪಸ್ ಹೊತ್ತಿದ್ದು ಬೇರೆ! ನಮ್ಮಲ್ಲಿ ಜಮಖಾನ ಮಡಚುವವರಿಗೆ ಆ ಕಷ್ಟ ಗೊತ್ತು.

ಹಾಗಾಗಿ ಸೌಂಡ್ ಚೆಕ್‌ನಲ್ಲಿ ಪೂರ್ತಿ ಸರಿ ಮಾಡಲು ಹೋಗಬೇಡಿ, ಮೈಕ್ ಕುಯ್ ಎಂದು ಕೂಗದಷ್ಟು ನೋಡಿಕೊಳ್ಳಿ, ಸಾಕು. ಉಳಿದದ್ದನ್ನು ಕಛೇರಿ ಶುರುವಿನಲ್ಲಿ ಹಾಡುವ ವರ್ಣ ಮುಗಿಯುವುದರೊಳಗೆ ಸರಿಪಡಿಸಿ. ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಮಿಕ್ಸರ್ ಪಕ್ಕ ಅಲ್ಲ.